ಬೇಸಿಗೆಯ ಮಧ್ಯಾಹ್ನ ಕಾರಿನ ಪಿಕಪ್ ಇಳಿಯುವುದು ಸೆನ್ಸರಿನ ದೋಷವೇ?

ಪ್ರಶ್ನೆ (ಕಟಪಾಡಿಯಿಂದ):
ನನ್ನದು ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು. ಬೆಳಗ್ಗೆ ಮಂಗಳೂರಿಗೆ ಹೊರಟಾಗ ಚುರುಕಾಗಿಯೇ ಓಡುತ್ತದೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ, ನಂತೂರು ವೃತ್ತದ ವಾಹನಸಾಲಿನಲ್ಲಿ ಎ.ಸಿ. ಹಾಕಿಕೊಂಡು ನಿಂತು ಮತ್ತೆ ಹೊರಡುವಾಗ ಎಂಜಿನ್ ಮಂಕಾಗಿ ಎಳೆಯುತ್ತದೆ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರನ್ನು ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಅದರ ತಂತಿಗೆ ಒಂದು ರೆಸಿಸ್ಟರ್ (ವಿದ್ಯುತ್ ಹರಿವಿಗೆ ಪ್ರತಿರೋಧ ಒಡ್ಡುವ ಬಿಡಿಭಾಗ) ಜೋಡಿಸಿದರೆ ಪಿಕಪ್ ಹೆಚ್ಚುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಯಾವುದನ್ನು ನಂಬಲಿ?

ಉತ್ತರ (ಸುರತ್ಕಲ್‌ನಿಂದ):
ಸದ್ಯಕ್ಕೆ ಎರಡನ್ನೂ ಮಾಡಿಸಬೇಡಿ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಒಣ ಗಾಳಿ ಸುಮಾರು 1.22 ಕಿಲೋ ತೂಗಿದರೆ, 35 ಡಿಗ್ರಿಯಲ್ಲಿ 1.15 ಕಿಲೋ ಮಾತ್ರ ತೂಗುತ್ತದೆ. ನಿಂತ ಕಾರಿನ ಬಾನೆಟ್ ಒಳಗೆ ಕಾದ ಗಾಳಿ 60 ಡಿಗ್ರಿ ಮುಟ್ಟಿದರೆ ಅದು 1.06ಕ್ಕೆ ಇಳಿಯುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದ ಕಾರಣ, ಗಾಳಿ ತೆಳುವಾದಷ್ಟೂ ಇಂಧನವೂ ಶಕ್ತಿಯೂ ಕಡಿಮೆಯಾಗಲೇಬೇಕು. ನಮ್ಮ ಕರಾವಳಿಯ ತೇವಾಂಶ ಇನ್ನಷ್ಟು ಆಮ್ಲಜನಕದ ಜಾಗ ಹಿಡಿಯುತ್ತದೆ, ಎ.ಸಿ. ಕಂಪ್ರೆಸರ್ ಎಂಜಿನಿನಿಂದಲೇ ಶಕ್ತಿ ಎಳೆಯುತ್ತದೆ. ಇದರ ಮೇಲೆ, ಬಿಸಿ ಗಾಳಿಯಿಂದ ನಾಕಿಂಗ್ (ಇಂಧನ ಹದ ತಪ್ಪಿ ತಾನಾಗಿಯೇ ಸಿಡಿದು ಎಂಜಿನಿಗೆ ಪೆಟ್ಟು ಕೊಡುವುದು) ಆಗದಿರಲೆಂದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇಂಧನ ಹೊತ್ತಿಸುವ ಸ್ಪಾರ್ಕನ್ನು ತಡಮಾಡುತ್ತದೆ.

ರೆಸಿಸ್ಟರ್ ಹಾಕುವುದೆಂದರೆ ಈ ಕಾವಲನ್ನೇ ಕುರುಡಾಗಿಸಿದಂತೆ. ಆ ಸೆನ್ಸರಿನಲ್ಲಿ ಬಿಸಿ ಏರಿದಂತೆ ಪ್ರತಿರೋಧ ಇಳಿಯುತ್ತದೆ. ಹೊರಗಿನಿಂದ ಪ್ರತಿರೋಧ ಸೇರಿಸಿದರೆ ಗಾಳಿ ತಂಪಾಗಿದೆಯೆಂದು ಇಸಿಯು ಭಾವಿಸಿ ಸ್ಪಾರ್ಕನ್ನು ಮುಂಚಿತಗೊಳಿಸಬಹುದು, ಹೆಚ್ಚು ಪೆಟ್ರೋಲನ್ನೂ ಸುರಿಯಬಹುದು. ಸಾಮಾನ್ಯ ಓಟದಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಆ ಹೆಚ್ಚುವರಿಯನ್ನು ಕಡಿತಗೊಳಿಸುವುದರಿಂದ ಲಾಭವೇನೂ ಉಳಿಯುವುದಿಲ್ಲ, ನಾಕಿಂಗ್‌ನ ಅಪಾಯ ಮಾತ್ರ ಉಳಿಯುತ್ತದೆ. ದಯವಿಟ್ಟು ಅದಕ್ಕೆ ಕೈಹಾಕಬೇಡಿ.

ಉತ್ತರ (ಮಲ್ಪೆಯಿಂದ):
ಹೊಸ ಸೆನ್ಸರಿಗೆ ಹಣ ಕೊಡುವ ಮೊದಲು ಅದರ ಕನೆಕ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಉಪ್ಪುಗಾಳಿಗೆ ಅದರೊಳಗಿನ ಪಿನ್ನುಗಳ ಬುಡದಲ್ಲಿ ನಸುಹಸಿರು ಕಿಲುಬು ಕಟ್ಟಿದ್ದರೆ, ಅದೇ ಬೇಡದ ರೆಸಿಸ್ಟರ್ ಆಗಿ ಕೆಲಸ ಮಾಡುತ್ತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಒಣಗಿಸಿ ಕೂಡಿಸಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಓಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರುಗಳ ಅಳತೆ ತೋರಿಸುವ ಉಪಕರಣ) ಜೋಡಿಸಿದರೆ ಗಾಳಿಯ ಉಷ್ಣತೆಯೂ ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್‌ನ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೈನಸ್ 40 ಡಿಗ್ರಿಯ ಹತ್ತಿರ ತೋರಿಸಿದರೆ ಸಾಮಾನ್ಯವಾಗಿ ತಂತಿ ಕಡಿದಿದೆ ಎಂದರ್ಥ.

ಪ್ರಶ್ನೆ ಕೇಳಿದವರು:
ಬೆಳಗ್ಗೆ ಎರಡೂ 27 ಡಿಗ್ರಿ ತೋರಿಸಿದವು. ನಂತೂರಿನಲ್ಲಿ ಗಾಳಿ 58ಕ್ಕೆ ಏರಿತ್ತು, ಹೆದ್ದಾರಿಗೆ ಬಿದ್ದು ವೇಗ ಹಿಡಿದ ಮೇಲೆ 38ಕ್ಕೆ ಇಳಿಯಿತು. ಪಿನ್ನುಗಳೂ ಶುಭ್ರವಾಗಿವೆ. ಹಾಗಾದರೆ ತಂಪಾದ ಮಡಿಕೇರಿಗೆ ಹೋದಾಗ ಎಂಜಿನ್ ಇನ್ನೂ ಚುರುಕಾಗುತ್ತದೆಯೇ?

ಉತ್ತರ (ಸುರತ್ಕಲ್‌ನಿಂದ):
ನಿಮ್ಮ ಸೆನ್ಸರ್ ಸರಿಯಾಗಿಯೇ ಇದೆ, ಬದಲಿಸುವ ಅಗತ್ಯವಿಲ್ಲ. ಮಡಿಕೇರಿಯ ಪ್ರಶ್ನೆಗೆ ಉತ್ತರ ಬೇರೆ. ಅದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವುದರಿಂದ ಅಲ್ಲಿನ ವಾಯುಒತ್ತಡವೇ ಕಡಿಮೆ; ಹತ್ತು ಡಿಗ್ರಿ ತಂಪಾಗಿದ್ದರೂ ಗಾಳಿ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ತೆಳುವಾಗಿರುತ್ತದೆ. ಇಸಿಯು ಒತ್ತಡದ ಸೆನ್ಸರ್ ನೋಡಿ ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳುತ್ತದೆ. ಸಂಪಾಜೆ ಘಾಟಿಯ ಏರಿನಲ್ಲಿ ಸ್ವಲ್ಪ ಬೇಗನೆ ಗೇರ್ ಇಳಿಸಿಕೊಳ್ಳಿ.