ಮಗ ದಿನಾ ಅದೇ ಕಾಗಕ್ಕ ಗುಬ್ಬಕ್ಕನ ಕಥೆ ಕೇಳ್ತಾನೆ, ಬರೆಯೋಕೆ ಮಾತ್ರ ಕೂರಲ್ಲ

ಸುಂಟಿಕೊಪ್ಪದ ಅಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ನಾಲ್ಕೂವರೆ, ಎಲ್‌ಕೆಜಿ. ಮಳೆಗೆ ನಾಲ್ಕು ದಿನ ರಜೆ ಕೊಟ್ರಲ್ಲ, ಆಗ ನಮ್ಮತ್ತೆ ಹೊತ್ತು ಕಳೀಲಿ ಅಂತ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದ್ದು, ಅವತ್ತಿಂದ ದಿನಾ ರಾತ್ರಿ ಅದೇ ಆಗ್ಬೇಕು, ಬೇರೆ ಕಥೆ ತೆಗೆದ್ರೆ ಅತ್ತೆ ಬಾಯಿಗೇ ಕೈ ಅಡ್ಡ ಇಡ್ತಾನೆ. ಅತ್ತೆ ಹೇಳೋದು ನಮ್ಮ ಮನೆಮಾತು ಅರೆಭಾಷೇಲಿ, ಸ್ಕೂಲಲ್ಲಿ ಎಲ್ಲಾ ಇಂಗ್ಲಿಷು. ಡೈರಿಲಿ ಬರ್ದು ಕಳ್ಸಿದಾರೆ, ಪೆನ್ಸಿಲ್ ಹಿಡಿಯಲ್ಲ, ಎಬಿಸಿ ಒಂದು ಲೈನ್ ಬರೆಯಲ್ಲ, ಮನೇಲಿ ಇಂಗ್ಲಿಷ್ ಮಾತಾಡಿ ಅಂತ. ನಮ್ಮ ಮನೆಯವ್ರು ಬೇರೆ "ಕಥೆ ಕೇಳಿ ಯಾರು ಉದ್ಧಾರ ಆದ್ರು" ಅಂತಾರೆ. ಕಥೆ ಕಮ್ಮಿ ಮಾಡಿ ಬರೆಸೋಕೆ ಕೂರಿಸ್ಲಾ?

ಅಂಗನವಾಡಿ ಟೀಚರ್, ನಾಪೋಕ್ಲು ಕಡೆ:
ಅಯ್ಯೋ ಬೇಡಮ್ಮ, ಕಥೆ ನಿಲ್ಲಿಸ್ಬೇಡಿ. ಆ ಕಥೇಲಿ ಏನಿದೆ ನೋಡಿ, ಕಾಗಕ್ಕನ ಸಗಣಿ ಮನೆ ಮಳೆಗೆ ಕೊಚ್ಚಿ ಹೋಗುತ್ತೆ, ನೆನ್ಕೊಂಡು ಬಂದು ಬಾಗಿಲು ತಟ್ಟಿದ್ರೆ ಗುಬ್ಬಕ್ಕ "ತಾಳು, ಮಗೂಗೆ ಎಣ್ಣೆ ಹಚ್ತಿದೀನಿ", "ತಾಳು, ಸ್ನಾನ ಮಾಡಿಸ್ತಿದೀನಿ", "ತಾಳು, ಬಟ್ಟೆ ಹಾಕ್ತಿದೀನಿ" ಅಂತಾಳೆ. ಯಾವುದಾದ್ಮೇಲೆ ಯಾವುದು ಅಂತ ಮಗು ನೆನಪಿಟ್ಕೊಳ್ಳೋದು ಅಲ್ಲೇ. ಅತ್ತೆಗೆ ಹೇಳಿ, "ತಾಳು..." ಅಂತ ಅಲ್ಲಿಗೇ ನಿಲ್ಲಿಸ್ಲಿ, ಮುಂದಿಂದು ಅವನೇ ಹೇಳ್ತಾನೆ. ಅದೇ ಕಥೆ ಬೇಕು ಅನ್ನೋದೂ ತಪ್ಪಲ್ಲ. 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯವ್ರು ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಸ್ಟಡಿಲಿ, ಹೊಸ ಪದ ಎಲ್ರಿಗೂ ಅಷ್ಟಷ್ಟೇ ಸಲ ಕೇಳಿಸಿದ್ರೂ, ಅದದೇ ಕಥೆ ಕೇಳಿದ ಮಕ್ಕಳೇ ಜಾಸ್ತಿ ಪದ ಕಲ್ತಿದ್ರು. ಅರೆಭಾಷೆ ಬಿಡಿಸ್ಲೇಬೇಡಿ, 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲೂ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಮನೆಮಾತಲ್ಲೇ ಕಲಿಸ್ಬೇಕು ಅಂತಿದೆ. ಪೆನ್ಸಿಲ್‌ಗೆ ಮೊದ್ಲು ಬೆರಳು ಗಟ್ಟಿ ಆಗ್ಬೇಕು, ಕಡಂಬುಟ್ಟು (ಅಕ್ಕಿ ತರಿ ಉಂಡೆ) ಮಾಡುವಾಗ ಹಿಟ್ಟು ಆರಿದ್ಮೇಲೆ ನಾಲ್ಕು ಉಂಡೆ ಅವನ ಕೈಲೂ ಕಟ್ಟಿಸಿ. ಸೊಟ್ಟ ಆಗುತ್ತೆ, ಆಗ್ಲಿ.

ತೋಟದ ಅಪ್ಪ:
ಟೀಚರಮ್ಮ ಹೇಳಿದ್ದು ಸರಿ. ಒಂದೇ ಮಾತು, ಕಥೆ ಮುಗಿದ ತಕ್ಷಣ "ಇದರಿಂದ ಏನು ಕಲಿತೆ" ಅಂತ ಪರೀಕ್ಷೆ ಮಾಡೋಕೆ ಹೋಗ್ಬೇಡಿ, ನಾನು ಹಂಗೆ ಮಾಡಿ ಮಗಳು ಒಂದು ತಿಂಗಳು ಕಥೆ ಕೇಳೋದನ್ನೇ ಬಿಟ್ಲು. ಆಮೇಲೆ ನಮ್ಮ ತೋಟಕ್ಕೆ ಆನೆ ಬಂದು ಎರಡು ಬಾಳೆ ಮುರಿದು ಹಲಸಿನ ಹಣ್ಣು ತಿಂದು ಹೋಯ್ತು, ಬೆಳಿಗ್ಗೆ ಲದ್ದಿ ನೋಡಿ ಬಂದವ್ಳು ಅವ್ಳೇ ಕಥೆ ಕಟ್ಟಿದ್ಲು, ಆನೆಗೆ ಹೊಟ್ಟೆನೋವಂತೆ, ಅದಕ್ಕೆ ಅವರಮ್ಮ ಬೈದ್ಲಂತೆ. ನಾನು ಅವಳು ಹೇಳಿದ ಹಾಗೇ ಬರ್ಕೊಂಡೆ, ಕೆಳಗೆ ಅವಳು ಆನೆ ಚಿತ್ರ ಬಿಡಿಸಿದ್ಲು (ಆಲೂಗಡ್ಡೆ ತರ ಇತ್ತು). ತನ್ನ ಮಾತು ಪೇಪರ್ ಮೇಲೆ ಬಂತು ಅಂತ ಗೊತ್ತಾದ್ಮೇಲೆ "ನನ್ನ ಹೆಸರು ಎಲ್ಲಿ" ಅಂತ ಕೇಳಿದ್ಲು, ಬರೆಯೋದು ಶುರುವಾಗಿದ್ದು ಅಲ್ಲಿಂದ.

ಬೆಟ್ಟದಮಳೆ:
ಎಲ್ಲಾ ಒಪ್ಪಿದೆ ಆದ್ರೆ ಬರೀ ಕಥೆಯಿಂದ ಅಕ್ಷರ ಬರಲ್ಲ ಕಣ್ರೀ. ನನ್ನ ಮಗ ಕಥೆ ಹೇಳೋದ್ರಲ್ಲಿ ಎತ್ತಿದ ಕೈ, ಒಂದನೇ ಕ್ಲಾಸಲ್ಲಿ ಓದೋಕೆ ಒದ್ದಾಡಿದ. ಶಬ್ದದ ಆಟಾನೂ ಆಡಿಸಿ, ಕಾಗಕ್ಕನ "ಕಾ" ಇನ್ಯಾವುದ್ರಲ್ಲಿದೆ, ಕಾಫಿ, ಕಾಡು, ಕಾವೇರಿ, ಹೀಗೆ. ದಿನಕ್ಕೆ ಐದು ನಿಮಿಷ ಸಾಕು.

ಸುಂಟಿಕೊಪ್ಪದ ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅತ್ತೆ "ತಾಳು..." ಅಂತ ನಿಲ್ಲಿಸಿದ್ರು, ಎಣ್ಣೆ, ಸ್ನಾನ ಎಲ್ಲಾ ಸರಿಯಾಗಿ ಹೇಳ್ತಾ ಬಂದ, ಕೊನೇಲಿ "ತಾಳು ಕಾಗಕ್ಕ, ಕರೆಂಟಿಲ್ಲ, ಟಾರ್ಚ್ ಹುಡುಕ್ತಿದೀನಿ" ಅಂದ. ನಮ್ಮ ಮನೆಯವ್ರಿಗೂ ನಗು ತಡೆಯೋಕಾಗ್ಲಿಲ್ಲ. ಡೈರಿಗೆ ಏನು ಬರೆಯೋದು ಅಂತ ಮಾತ್ರ ಇನ್ನೂ ಯೋಚ್ನೆ ಮಾಡ್ತಿದೀನಿ.