ಸಹಿ ಹಾಕಿ ಬಂದರೂ ಜಿಯೋಕ್ಯಾಶಿಂಗ್‌ನ ಚಾಲೆಂಜ್ ಕ್ಯಾಶ್‌ನ ಲಾಗ್ ಅಳಿಸಿದ್ದಾರೆ, ಚೆಕರ್ 17 ಎನ್ನುತ್ತಿದೆ. ಎಲ್ಲಿ ತಪ್ಪಿದೆ?

ಕೋಥರೂಡ್ ನಡಿಗೆ:

ನಮಸ್ಕಾರ. ಧಾರವಾಡದಿಂದ ಪುಣೆಗೆ ಬಂದು ನಾಲ್ಕು ವರ್ಷವಾಯಿತು. ಎರಡು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಮಗಳೊಂದಿಗೆ ಜಿಯೋಕ್ಯಾಶಿಂಗ್‌ಗೆ ಹೋಗುತ್ತಿದ್ದೇನೆ: ಬೇರೆಯವರು ಬಚ್ಚಿಟ್ಟ ಡಬ್ಬಿಯನ್ನು (‘ಕ್ಯಾಶ್’) ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಕಾಗದಕ್ಕೆ ಸಹಿ ಹಾಕುವ ಆಟ ಅದು. ಹದಿನೈದು ದಿನಗಳ ಹಿಂದೆ ಊರಿನ ಪಶ್ಚಿಮದ ಒಂದು ಟೇಕಡಿ (ಗುಡ್ಡ) ಹತ್ತಿ, ಹೆಸರಿನ ಕೊನೆಯಲ್ಲಿ ‘ಚಾಲೆಂಜ್’ ಎಂದಿರುವ ಡಬ್ಬಿಯೊಂದನ್ನು ಕಂಡುಹಿಡಿದೆವು. ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಮುಂದೆ ಹುಡುಕುವವರ ಖುಷಿ ಹಾಳಾಗಬಾರದು. ಮುಕ್ಕಾಲು ಗಂಟೆ ಕಲ್ಲುಗಳ ನಡುವೆ ಹುಡುಕಿದ ಮೇಲೆ ಸಿಕ್ಕಿತು. ಕಾಗದದ ಮೇಲೆ ನಮ್ಮ ಹೆಸರು, ದಿನಾಂಕ ಎರಡನ್ನೂ ಮಗಳೇ ಬರೆದಳು.

ಮನೆಗೆ ಬಂದು ಆಟದ ಜಾಲತಾಣದಲ್ಲಿ ‘ಫೌಂಡ್’ (ಸಿಕ್ಕಿತು) ಎಂದು ಲಾಗ್, ಅಂದರೆ ದಾಖಲೆ, ಹಾಕಿದೆ. ಮೂರನೆಯ ದಿನ ಡಬ್ಬಿ ಇಟ್ಟ ಮಾಲೀಕರು ಅದನ್ನು ಅಳಿಸಿದರು. ಅರ್ಹತೆ ಪೂರ್ಣವಾಗಿಲ್ಲ ಎಂಬ ಒಂದೇ ಸಾಲಿನ ಕಾರಣ ಬಂತು. ಮಗಳು, ‘ಅಪ್ಪಾ, ನಾವು ಸುಳ್ಳು ಬರೆದೆವೇ?’ ಎಂದು ಕೇಳಿದಳು. ಉತ್ತರ ಹೇಳಲು ನನಗೆ ತಿಳಿಯಲಿಲ್ಲ.

ಆ ಪುಟದ ಷರತ್ತು ಹೀಗಿದೆ: ಡಿ/ಟಿಯ (ಹುಡುಕುವ ಕಷ್ಟ/ದಾರಿಯ ಕಷ್ಟ ಹೇಳುವ ಅಂಕೆಗಳು) 81 ಜೋಡಿಗಳ ಪೈಕಿ ಯಾವುದಾದರೂ 20 ಜೋಡಿಯ ಕ್ಯಾಶ್‌ಗಳನ್ನು ಕಂಡುಹಿಡಿದಿರಬೇಕು. ನನ್ನ ನೋಟ್‌ಬುಕ್ಕಿನ ಪ್ರಕಾರ 21 ಆಗಿವೆ. ಪ್ರೊಫೈಲಿನಲ್ಲಿ 48 ಕ್ಯಾಶ್ ಎಂದು ತೋರಿಸುತ್ತದೆ. ಅರ್ಹತೆ ಪರೀಕ್ಷಿಸುವ ಪ್ರೋಗ್ರಾಂ, ಅಂದರೆ ಚೆಕರ್, ಮಾತ್ರ 17 ಎನ್ನುತ್ತಿದೆ. ಚೆಕರ್ ಕೆಟ್ಟಿದೆಯೇ, ನಾನು ತಪ್ಪಿದ್ದೇನೆಯೇ? ಸಹಿ ಹಾಕಿದ ಮೇಲೂ ಲಾಗ್ ಅಳಿಸಲು ಅವರಿಗೆ ಹಕ್ಕಿದೆಯೇ?

ಸಹ್ಯಾದ್ರಿ ಹುಡುಕಾಟ:

ಮೊದಲು ಮಗಳಿಗೆ ಹೇಳಿ: ಅವಳು ಸುಳ್ಳು ಬರೆದಿಲ್ಲ. ಅವಳ ಸಹಿ ಆ ಕಾಗದದ ಮೇಲೆಯೇ ಇದೆ. ಅಳಿಸಿಹೋಗಿರುವುದು ಜಾಲತಾಣದ ದಾಖಲೆ ಮಾತ್ರ.

ಆದರೆ ಮಾಲೀಕರಿಗೆ ಹಕ್ಕಿದೆಯೇ ಎಂದರೆ, ಇದೆ. ಮಾಮೂಲಿ ಡಬ್ಬಿಗಳಲ್ಲಿ ಸಹಿ ಹಾಕಿದರೆ ಮುಗಿಯಿತು, ಅದರಾಚೆ ಬೇರೆ ಷರತ್ತು ಹಾಕುವುದನ್ನು ಜಾಲತಾಣದವರು 2009ರಲ್ಲೇ ನಿಲ್ಲಿಸಿದ್ದಾರೆ. ಚಾಲೆಂಜ್ ಕ್ಯಾಶ್ ಒಂದಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಬ್ಯಾಂಕಿನ ಲಾಕರ್‌ಗೆ ಎರಡು ಕೀಲಿ ಬೇಕಾಗುವಂತೆ ಇದಕ್ಕೂ ಎರಡು ಬೇಕು: ಡಬ್ಬಿಯೊಳಗಿನ ಸಹಿ ಒಂದು, ಪುಟದಲ್ಲಿ ಹೇಳಿದ ಅರ್ಹತೆ ಇನ್ನೊಂದು. ಯಾವುದು ಮೊದಲು ಎಂಬ ಕಟ್ಟಳೆ ಇಲ್ಲ. ಇಂದು ಸಹಿ ಹಾಕಿ ಐದು ವರ್ಷದ ನಂತರ ಅರ್ಹತೆ ಗಳಿಸಬಹುದು, ಅರ್ಹತೆ ಗಳಿಸಿದ ಮೇಲೆ ಡಬ್ಬಿ ಹುಡುಕಲೂಬಹುದು. ಎರಡೂ ಕೂಡುವವರೆಗೆ ‘ಫೌಂಡ್’ ಹಾಕುವಂತಿಲ್ಲ, ‘ರೈಟ್ ನೋಟ್’ (ಬರೀ ಟಿಪ್ಪಣಿ) ಹಾಕಬೇಕು. ನೀವು ಇವತ್ತೇ ಒಂದು ನೋಟ್ ಬರೆಯಿರಿ. ಸಹಿ ಹಾಕಿದ ದಿನಾಂಕ ಅದರಲ್ಲಿರಲಿ.

ಸಹಿಯ ಫೋಟೋ ತೆಗೆದಿದ್ದೀರಾ? ಇಲ್ಲದಿದ್ದರೆ ಇನ್ನು ಮುಂದೆ ತಪ್ಪದೆ ತೆಗೆಯಿರಿ. ಲೋಣಾವಳದ ಕಡೆ ನಾನು ಸಹಿ ಹಾಕಿದ್ದ ಚಾಲೆಂಜ್ ಒಂದಕ್ಕೆ ಅರ್ಹತೆ ಪಡೆಯಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಎರಡು ಮಳೆಗಾಲ ಕಳೆದು ಕಾಗದ ಮುದ್ದೆಯಾಗಿತ್ತು, ಮಾಲೀಕರು ಹೊಸದನ್ನು ಇಟ್ಟಿದ್ದರು. ನನ್ನ ಸಹಿಗೆ ಸಾಕ್ಷಿಯಾಗಿ ಉಳಿದಿದ್ದು ಮೊಬೈಲಿನ ಆ ಒಂದು ಚಿತ್ರ.

ಇನ್ನು ಚೆಕರ್. 2015ರ ಏಪ್ರಿಲ್‌ನಿಂದ ಒಂದು ವರ್ಷಕ್ಕೂ ಮೇಲೆ ಹೊಸ ಚಾಲೆಂಜ್ ಕ್ಯಾಶ್‌ಗಳನ್ನು ತಡೆಹಿಡಿದಿದ್ದರು. ಯಾವ ಷರತ್ತು ಸರಿ, ಯಾವುದು ಅತಿ ಎಂಬ ವಾದವೇ ಹೊಸ ಕ್ಯಾಶ್‌ಗಳನ್ನು ನೋಡಿ ಒಪ್ಪುವ ಪರಿಶೀಲಕರಿಗೆ ದೊಡ್ಡ ಹೊರೆಯಾಗಿತ್ತು. 2016ರಲ್ಲಿ ಮತ್ತೆ ಬಾಗಿಲು ತೆರೆದಾಗ ಪ್ರತಿಯೊಂದಕ್ಕೂ ಚೆಕರ್ ಕಡ್ಡಾಯವಾಯಿತು. ಪ್ರಾಜೆಕ್ಟ್-ಜಿಸಿ ಎಂಬ ಜಾಲತಾಣದಲ್ಲಿ ನಡೆಯುವ ಆ ಪುಟ್ಟ ಪ್ರೋಗ್ರಾಂ ನಿಮ್ಮ ಲಾಗ್‌ಗಳನ್ನು ಓದಿ ಹೌದು ಅಥವಾ ಇಲ್ಲ ಎನ್ನುತ್ತದೆ. ನನಗೆ ಇದು ಬಹಳ ಒಳ್ಳೆಯ ಬದಲಾವಣೆ ಎನಿಸುತ್ತದೆ, ಮಾಲೀಕರ ಮರ್ಜಿಗೆ ಕಾಯಬೇಕಾಗಿಲ್ಲ. ಹಳೆಯ ಚಾಲೆಂಜ್‌ಗಳಿಗೆ ಚೆಕರ್ ಇಲ್ಲದಿರಬಹುದು, ನಿಮ್ಮದಕ್ಕೆ ಇದೆ.

ಆದ್ದರಿಂದ ಚೆಕರ್ ಕೆಟ್ಟಿದೆ ಎನ್ನುವ ಮೊದಲು ಎರಡು ಕೆಲಸ ಮಾಡಿ. ಪ್ರೊಫೈಲಿನ ಅಂಕಿಅಂಶ ಪುಟದಲ್ಲಿ 9 ಅಡ್ಡಸಾಲು, 9 ಕಂಬಸಾಲುಗಳ ಡಿ/ಟಿ ಕೋಷ್ಟಕವಿದೆ (1ರಿಂದ 5ರವರೆಗೆ ಅರ್ಧರ್ಧ ಏರುತ್ತದೆ, ಹಾಗಾಗಿ 81). ಅದರ ಎಲ್ಲ ಮನೆಗಳ ಸಂಖ್ಯೆಗಳನ್ನು ಕೂಡಿಸಿ 48 ಬರುತ್ತದೆಯೇ ನೋಡಿ. ಬಳಿಕ ಆ ಕೋಷ್ಟಕವನ್ನು ನೋಟ್‌ಬುಕ್ಕಿನ ಪಕ್ಕ ಇಟ್ಟು, ಯಾವ ನಾಲ್ಕು ಜೋಡಿ ಕಾಣುತ್ತಿಲ್ಲ ಎಂದು ಇಲ್ಲಿ ಬರೆಯಿರಿ.

ಕೋಥರೂಡ್ ನಡಿಗೆ:

ನೋಟ್ ಹಾಕಿದೆ. ಪುಣ್ಯಕ್ಕೆ ಫೋಟೋ ಇದೆ, ಮಗಳು ಡಬ್ಬಿ ಹಿಡಿದ ಚಿತ್ರದಲ್ಲಿ ಕಾಗದವೂ ಸ್ಪಷ್ಟವಾಗಿ ಕಾಣುತ್ತದೆ.

ಕೂಡಿಸಿದರೆ 43 ಮಾತ್ರ! ಐದು ಎಲ್ಲಿ ಹೋದವು? ಕೋಷ್ಟಕದಲ್ಲಿ ಇಲ್ಲದ ಜೋಡಿಗಳು: 2/1, 1/1.5, 1.5/3, 2.5/2.

ಸಹ್ಯಾದ್ರಿ ಹುಡುಕಾಟ:

ಸರಿಯಾಗಿ ಐದು ಎಂದಿರಿ. ನೀವು ಎಲ್ಲಾದರೂ ಒಂದು ಅಡ್ವೆಂಚರ್ ಲ್ಯಾಬ್ ಮುಗಿಸಿದ್ದೀರಾ? ಡಬ್ಬಿ ಇಲ್ಲದೆ, ಸ್ಥಳಕ್ಕೆ ಹೋಗಿ ಮೊಬೈಲಿನಲ್ಲಿ ಪ್ರಶ್ನೆಗೆ ಉತ್ತರಿಸುವ ಬಗೆ ಅದು. ಐದು ನಿಲುಗಡೆಯ ಲ್ಯಾಬ್ ಮುಗಿಸಿದರೆ ಒಟ್ಟು ಸಂಖ್ಯೆಗೆ ಐದು ಸೇರುತ್ತದೆ, ಆದರೆ ಅವುಗಳಿಗೆ ಡಿ/ಟಿ ಇರುವುದೇ ಇಲ್ಲ. ಹಾಗಾಗಿ ಕೋಷ್ಟಕಕ್ಕೆ ಬರುವುದಿಲ್ಲ.

1/1.5 ಎಂಬುದು ಆಟಗಾರರು ಒಂದೆಡೆ ಸೇರುವ ಸಮಾಗಮವೇ? ಹೋಗುವ ಮೊದಲು ‘ವಿಲ್ ಅಟೆಂಡ್’ ಹಾಕಿ, ಬಂದ ಮೇಲೆ ‘ಅಟೆಂಡೆಡ್’ ಹಾಕುವುದನ್ನು ಹಲವರು ಮರೆಯುತ್ತಾರೆ. ಎರಡನೆಯದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಉಳಿದ ಜೋಡಿಗಳ ಕ್ಯಾಶ್ ಪುಟಗಳನ್ನು ತೆರೆದು ಈಗಿನ ಡಿ/ಟಿ ನೋಡಿ.

ಕೋಥರೂಡ್ ನಡಿಗೆ:

ಮೂರೂ ನೀವು ಹೇಳಿದಂತೆಯೇ! ಬೆಂಗಳೂರಿಗೆ ಹೋದಾಗ ಒಂದು ಲ್ಯಾಬ್ ಮಾಡಿದ್ದೆವು. ಅದಕ್ಕೆ ನನ್ನ ಅಂದಾಜಿನಿಂದ ನಾನೇ 2/1 ಎಂದು ಬರೆದುಕೊಂಡಿದ್ದೆ. ಮುಂಬೈಯ ಸಮಾಗಮಕ್ಕೆ ‘ವಿಲ್ ಅಟೆಂಡ್’ ಮಾತ್ರ ಇದೆ. ಉಳಿದ ಎರಡರ ಡಿ/ಟಿ ಬದಲಾಗಿ ಎರಡೂ ಈಗ 2/2.5 ಆಗಿವೆ, ಆ ಜೋಡಿ ನನ್ನಲ್ಲಿ ಮೊದಲೇ ಇತ್ತು. ನಾನು ಹುಡುಕಿದ ದಿನ ಇದ್ದದ್ದು ಈಗ ಇಲ್ಲ ಎಂದರೆ ಅದು ನ್ಯಾಯವೇ? ಮಾಲೀಕರಿಗೆ ಬರೆದು ಹಳೆಯದನ್ನೇ ಇಡಿ ಎಂದು ಕೇಳಲೇ?

ಸಹ್ಯಾದ್ರಿ ಹುಡುಕಾಟ:

ದಯವಿಟ್ಟು ಕೇಳಬೇಡಿ. ಬೇಸರ ನನಗೂ ಅರ್ಥವಾಗುತ್ತದೆ, ನನ್ನ ಕೋಷ್ಟಕದಿಂದಲೂ ಹೀಗೆ ಮನೆಗಳು ಖಾಲಿಯಾಗಿವೆ. ಆದರೆ ಡಿ/ಟಿ ಇರುವುದು ನಾಳೆ ಅಲ್ಲಿಗೆ ಹೋಗುವವರಿಗಾಗಿ. ಡಿ ಎಂದರೆ ಹುಡುಕುವ ಕಷ್ಟ, ಟಿ ಎಂದರೆ ತಲುಪುವ ದಾರಿಯ ಕಷ್ಟ. ಟಿ 1 ಎಂದರೆ ಗಾಲಿಕುರ್ಚಿಯಲ್ಲಿ ಬರುವವರೂ ತಲುಪಬೇಕು. ಮೆಟ್ಟಿಲು ಹತ್ತುವ ಟೇಕಡಿಗೆ ಟಿ 1 ಎಂದು ಹಾಕಿರುವುದನ್ನು ನಾನು ಕಂಡಿದ್ದೇನೆ. ಅದನ್ನು ನಂಬಿ ಬಂದು ಬುಡದಿಂದಲೇ ಹಿಂದಿರುಗುವವರ ಸ್ಥಿತಿ ನೆನೆಯಿರಿ. ಚೆಕರ್ ಓದುವುದು ಇಂದಿನ ಅಂಕೆಯನ್ನು, ನೀವು ಹೋದ ದಿನದ್ದನ್ನಲ್ಲ. ಹೀಗಾಗಿಯೇ 20 ಬೇಕಾದ ಕಡೆ 23 ಇಟ್ಟುಕೊಳ್ಳುವುದು ಒಳ್ಳೆಯದು.

ಮುಂಬೈ ಸಮಾಗಮ ಮುಗಿದಿದ್ದರೂ ‘ಅಟೆಂಡೆಡ್’ ಹಾಕಬಹುದು. ದಿನಾಂಕದ ಕಡೆ ಗಮನವಿರಲಿ, ಸಮಾಗಮ ನಡೆದ ದಿನವನ್ನೇ ಆರಿಸಿ. ಅಲ್ಲಿಗೆ 18. ಚೆಕರ್‌ನಲ್ಲಿ ತಕ್ಷಣ ಕಾಣದಿದ್ದರೆ ಗಾಬರಿಯಾಗದೆ ಒಂದೆರಡು ದಿನ ಕಾಯಿರಿ.

ಉಳಿದ ಎರಡಕ್ಕೆ ನನ್ನ ಸಲಹೆ: ಒಗಟು ಬಿಡಿಸಿದರೆ ಮಾತ್ರ ಜಾಗ ತಿಳಿಯುವ ಮಿಸ್ಟರಿ ಕ್ಯಾಶ್‌ಗಳನ್ನು ಹಿಡಿಯಿರಿ. ನಮ್ಮ ಸುತ್ತಲಿನ ಸಾಂಪ್ರದಾಯಿಕ ಡಬ್ಬಿಗಳು ನನ್ನ ಅನುಭವದಲ್ಲಿ 1.5 ಮತ್ತು 2ರ ಆಸುಪಾಸಿನಲ್ಲೇ ಗುಂಪುಗೂಡಿವೆ, ಎಷ್ಟು ಹುಡುಕಿದರೂ ಅವೇ ಮನೆಗಳು ತುಂಬುತ್ತವೆ. ಒಗಟಿನವಕ್ಕೆ ಡಿ ಹೆಚ್ಚಿರುತ್ತದೆ, ದಾರಿ ಸುಲಭವಿರಬಹುದು. ಮಳೆ ಹಿಡಿದ ದಿನ ಮಗಳೊಂದಿಗೆ ಮನೆಯಲ್ಲೇ ಬಿಡಿಸಿ, ಹೊಳವಾದಾಗ ಹೊರಡಿ. ಹಣ ಕಟ್ಟಿದ ಸದಸ್ಯರಾಗಿದ್ದರೆ ನಕ್ಷೆಯನ್ನು ಡಿ/ಟಿಯಿಂದ ಸೋಸಬಹುದು. ಟಿ 5 ಬೇಡ, ಅದಕ್ಕೆ ಹಗ್ಗವೋ ದೋಣಿಯೋ ಬೇಕು, ಮಗು ಜೊತೆಗಿದೆ. ಖಡಕವಾಸಲಾ, ಖಡಕಿಯ ಕಡೆ ಹೋದರೆ ಸೇನೆಯ ಬೇಲಿಯ ಹತ್ತಿರ ಮೊಬೈಲ್ ಹಿಡಿದು ಸುಳಿಯಬೇಡಿ. ಬಾಣದ ಗುರುತು ಬೇಲಿಯೊಳಗೆ ತೋರಿಸಿದರೆ ಹಿಂದಿರುಗಿ.

ಪಣಜಿ ಕಿನಾರೆ:

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಮಿಸ್ಟರಿ ಎಂದಿರಿ, ಅದಕ್ಕೇ ಕೇಳುತ್ತಿದ್ದೇನೆ. ಇಲ್ಲಿನ ಒಂದು ಒಗಟು ಬಿಡಿಸಿದರೆ ಉ 15° 29.400, ಪೂ 73° 48.600ರಂಥ ಉತ್ತರ ಬಂತು. ಮೊಬೈಲ್ ನಕ್ಷೆಯಲ್ಲಿ 15.29400, 73.48600 ಎಂದು ಹಾಕಿದರೆ ಅರಬ್ಬಿ ಸಮುದ್ರದ ನಡುವೆ ತೋರಿಸುತ್ತದೆ. ಒಗಟು ತಪ್ಪಾಯಿತೇ?

ಸಹ್ಯಾದ್ರಿ ಹುಡುಕಾಟ:

ಒಗಟು ಸರಿಯಾಗಿಯೇ ಇದ್ದಂತಿದೆ, ಬರೆದದ್ದು ತಪ್ಪು. 29.400 ಎಂಬುದು ಮಿನಿಟು, ಡಿಗ್ರಿಯ ದಶಮಾಂಶವಲ್ಲ. 60ರಿಂದ ಭಾಗಿಸಬೇಕು: 29.4 ÷ 60 = 0.49, 48.6 ÷ 60 = 0.81. ಹಾಗಾದರೆ 15.49, 73.81, ಅದು ಪಣಜಿಯೊಳಗೇ ಬೀಳುತ್ತದೆ. ನೀವು ಹಾಕಿದ್ದು ಅಲ್ಲಿಂದ ಸುಮಾರು 41 ಕಿಲೋಮೀಟರ್ ದೂರದ ನೀರಿನಲ್ಲಿದೆ. ಇನ್ನೊಂದು ಮಾತು: ಮಿಸ್ಟರಿಯ ಪುಟದಲ್ಲಿ ಕಾಣುವ ನೆಲೆ ಬಹಳಷ್ಟು ಸಲ ಡಬ್ಬಿಯ ನೆಲೆಯಲ್ಲ. ನಿಜವಾದದ್ದು ಸಾಮಾನ್ಯವಾಗಿ ಅದರಿಂದ 3.2 ಕಿಲೋಮೀಟರ್ ಒಳಗಿರುತ್ತದೆ. ಉತ್ತರ ಅದಕ್ಕಿಂತ ದೂರ ಹೋದರೆ ಹೊರಡುವ ಮೊದಲು ಲೆಕ್ಕ ಮರಳಿ ನೋಡಿ.

ಪಣಜಿ ಕಿನಾರೆ:

60ರಿಂದ ಭಾಗಿಸುವುದು ಹೊಳೆಯಲೇ ಇಲ್ಲ. ತುಂಬಾ ಧನ್ಯವಾದ. ಸಂಜೆ ಹೋಗಿ ಬರುತ್ತೇನೆ.

ಕೋಥರೂಡ್ ನಡಿಗೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ‘ಅಟೆಂಡೆಡ್’ ಹಾಕಿದ ಮರುದಿನವೇ 18 ಆಯಿತು. ಒಂದು ಒಗಟನ್ನು ಮಗಳೇ ಬಿಡಿಸಿದಳು, ಅಕ್ಷರಗಳ ಜಾಗದಲ್ಲಿ ಅಂಕೆಗಳಿದ್ದವು. ಅದು 3.5/1.5. ಇನ್ನೊಂದು 2/3.5, ಸಿಂಹಗಡದ ಕಡೆ ಎರಡು ಗಂಟೆಯ ಏರು. ನಿನ್ನೆ ರಾತ್ರಿ ಚೆಕರ್ 20 ಎಂದು ಹಸಿರು ತೋರಿಸಿತು.

ಒಂದು ಕೊನೆಯ ಪ್ರಶ್ನೆ: ‘ಫೌಂಡ್’ ಯಾವ ದಿನಾಂಕಕ್ಕೆ ಹಾಕಲಿ?

ಸಹ್ಯಾದ್ರಿ ಹುಡುಕಾಟ:

ಅಭಿನಂದನೆ, ಮುಖ್ಯವಾಗಿ ಮಗಳಿಗೆ! ಸಹಿಯ ದಿನ, ಅರ್ಹತೆ ಬಂದ ದಿನ, ಎರಡೂ ರೂಢಿಯಲ್ಲಿವೆ. ಹಳೆಯ ನೋಟ್ ಹಾಗೆಯೇ ಇರಲಿ, ಹೊಸ ಲಾಗ್ ಬರೆದು ಚೆಕರ್‌ನ ಫಲಿತಾಂಶವನ್ನೂ ಅದರಲ್ಲಿ ಸೇರಿಸಿ.

ಕೋಥರೂಡ್ ನಡಿಗೆ:

ಮಗಳು ಸಹಿ ಹಾಕಿದ ದಿನವನ್ನೇ ಆರಿಸಿದಳು. ಲಾಗ್ ಹಾಕಿದ್ದೇವೆ, ಮಾಲೀಕರು ಬೆಳಿಗ್ಗೆಯೇ ಅಭಿನಂದನೆ ಬರೆದಿದ್ದಾರೆ.