ತಂಗೀನ ಗಂಡ ಹೊಡೀತಾನೆ, ಕರ್ಕೊಂಡ್ ಬಂದ್ರೂ ವಾಪಸ್ ಹೋಗ್ತಾಳೆ, ಏನ್ ಮಾಡೋದು?

ಪ್ರಶ್ನೆ: ಮೇಡಂ ನಮಸ್ತೆ. ನನ್ ತಂಗೀನ ತುಮಕೂರ್ ಕಡೆ ಕೊಟ್ಟಿದೀವಿ. ಗಂಡ ಕುಡಿಯಲ್ಲ, ಊರಲ್ಲಿ ಒಳ್ಳೆ ಹೆಸರೇ ಇದೆ, ಆದ್ರೆ ಮನೇಲಿ ಕೈ ಮಾಡ್ತಾನೆ, ಅವಳ ಸಂಬಳದ ಎಟಿಎಂ ಕಾರ್ಡ್ ಅವನ ಜೇಬಲ್ಲೇ ಇರುತ್ತೆ, ಹೋದ್ ತಿಂಗ್ಳು ಕತ್ತು ಹಿಸುಕಿದಾನೆ. ಎರಡ್ ಸಲ ಕರ್ಕೊಂಡ್ ಬಂದ್ವಿ, ಮಗು ಸ್ಕೂಲು ಅಂತ ವಾಪಸ್ ಹೋದ್ಲು. ಅಪ್ಪ ಈಗ "ಇನ್ನೊಂದ್ ಸಲ ಹೋದ್ರೆ ನಮ್ ಬಾಗಿಲಿಗೆ ಬರ್ಬೇಡ" ಅಂದ್ಬಿಟ್ಟಿದಾರೆ. ಕೇಸ್ ಹಾಕಿದ್ರೆ ಅವಳು ಆ ಮನೆ ಬಿಡ್ಲೇಬೇಕಾ?

ಉತ್ತರ (ವಕೀಲೆ): ಬಿಡ್ಬೇಕಾಗಿಲ್ಲ. ಆದ್ರೆ ಮೊದ್ಲು ಅಪ್ಪನ ಹತ್ರ ಆ ಮಾತು ವಾಪಸ್ ತಗೊಳ್ಳಿ ಅಂತ ಹೇಳಿ. ತವರಿನ ಬಾಗಿಲು ಮುಚ್ಚಿದ್ರೆ ಅದರಿಂದ ಲಾಭ ಆಗೋದು ಅಳಿಯಂಗೆ ಮಾತ್ರ. ಹೀಗೆ ಹೋಗಿ ಬಂದು ಮಾಡೋದು ತುಂಬಾ ಜನರಲ್ಲಿ ನೋಡ್ತೀವಿ, ದುಡ್ಡು ಅವನ ಕೈಲಿ, ಮಗು ಅಲ್ಲಿ, ಇನ್ನೇನ್ ಮಾಡ್ತಾಳೆ ಹೇಳಿ.

ಕತ್ತು ಹಿಸುಕಿದ್ದನ್ನ ಮಾತ್ರ ಹತ್ತರ ಜೊತೆ ಹನ್ನೊಂದು ಅಂತ ಸೇರಿಸ್ಬೇಡಿ, ಜೀವಕ್ಕೇ ಅಪಾಯ ಇದೆ ಅನ್ನೋ ಲಕ್ಷಣ ಅದು. ಹೊರಗಡೆ ಗುರುತೇ ಇಲ್ದೇ ಇರ್ಬೋದು, ದನಿ ಬದಲಾಗಿದ್ರೆ, ನುಂಗೋಕೆ ಕಷ್ಟ ಆದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, "ಬಿದ್ದೆ" ಅನ್ನದೆ ನಡೆದಿದ್ದನ್ನೇ ಹೇಳಿ, ಹಲ್ಲೆ ಕೇಸ್ ಅಂತ ಆಸ್ಪತ್ರೇಲಿ ಬರೆದು ಪೊಲೀಸರಿಗೆ ತಿಳಿಸೋ ದಾಖಲೆ, ಅಂದ್ರೆ ಎಂಎಲ್‌ಸಿ ಮಾಡಿಸ್ಲಿ.

ಇನ್ನು ಕಾನೂನು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಸೆಕ್ಷನ್ 17ರಲ್ಲಿ ಅವಳಿಗೆ ಆ ಮನೇಲಿ ಇರೋ ಹಕ್ಕಿದೆ. ಅಲ್ಲೇ ಇದ್ಕೊಂಡು ಹೊಡೀಬಾರ್ದು ಅಂತ ಆರ್ಡರ್ ಕೇಳ್ಬೋದು, ಡೈವೋರ್ಸ್ ಬೇಕಿಲ್ಲ, ಅವನನ್ನ ಜೈಲಿಗೆ ಕಳಿಸ್ಲೇಬೇಕು ಅಂತಾನೂ ಇಲ್ಲ. ಆರ್ಡರ್ ಮುರಿದ್ರೆ ಮಾತ್ರ ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಂಬಳ ಕಿತ್ಕೊಳ್ಳೋದೂ ಈ ಕಾಯ್ದೇಲಿ ಹಿಂಸೆನೇ. ನಮ್ಮಲ್ಲಿ ತಾಲ್ಲೂಕಿನ ಸಿಡಿಪಿಒನೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಈ ಕಾಯ್ದೆಗೆ ಸಂರಕ್ಷಣಾಧಿಕಾರಿ, ಅಲ್ಲಿ ಹೇಳಿದ್ರೆ ವರದಿ ಬರ್ಕೊಂಡು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸ್ತಾರೆ. 60 ದಿನದಲ್ಲಿ ಮುಗಿಸೋಕೆ ನೋಡ್ಬೇಕು ಅಂತ ಕಾಯ್ದೇಲಿದೆ, ನಿಜ ಹೇಳ್ಬೇಕಂದ್ರೆ ಎಳೀತಾವೆ, ಅದಕ್ಕೇ ಮೊದಲ ದಿನಾನೇ ಮಧ್ಯಂತರ ಆದೇಶ, ಅಂದ್ರೆ ಕೇಸ್ ಮುಗಿಯೋವರೆಗಿನ ತಾತ್ಕಾಲಿಕ ಆದೇಶ ಕೇಳಿಸಿ. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಫ್ರೀ, 15100ಗೆ ಫೋನ್ ಮಾಡಿ.

ಪ್ರಶ್ನೆ: ಮನೆ ಅತ್ತೆ ಹೆಸರಲ್ಲಿದೆ ಮೇಡಂ.

ಉತ್ತರ: ಇದ್ರೂ ಪರ್ವಾಗಿಲ್ಲ, ಮದುವೆ ಆದ್ಮೇಲೆ ಸಂಸಾರ ಮಾಡಿದ್ದು ಆ ಮನೇಲೇ ತಾನೆ? 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಆಸ್ತೀಲಿ ಪಾಲು ಅಂತಲ್ಲ ಮತ್ತೆ, ಇರೋಕೆ ಹಕ್ಕು ಅಷ್ಟೇ.

ಪ್ರಶ್ನೆ: ಅವಳ ಫೋನ್ ದಿನಾ ಅವನೇ ಚೆಕ್ ಮಾಡ್ತಾನೆ, ಇದನ್ನೆಲ್ಲ ತಿಳಿಸೋದ್ ಹೇಗೆ?

ಉತ್ತರ: ಮೆಸೇಜ್ ಹಾಕ್ಲೇಬೇಡಿ, ಈ ಪೋಸ್ಟನ್ನೂ ಫಾರ್ವರ್ಡ್ ಮಾಡ್ಬೇಡಿ. ಕೆಲಸದ ಜಾಗಕ್ಕೆ ಹೋಗಿ ಮಾತಾಡಿ, ಅಲ್ಲಿಂದಾನೇ ಬೇರೆಯವರ ಫೋನಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಮಾಡ್ಲಿ. ಆಧಾರ್, ಪಾಸ್‌ಬುಕ್, ಮದುವೆ ಫೋಟೋ, ಎಲ್ಲದರ ಕಾಪಿ ನಿಮ್ ಹತ್ರ ಇರ್ಲಿ. ದೂರು ಕೊಡೋದು ಯಾವಾಗ ಅಂತ ಅವಳೇ ಹೇಳ್ಲಿ, ನೀವು ಹೋಗಿ ಅವನ ಕೊರಳಪಟ್ಟಿ ಹಿಡಿದ್ರೆ ರಾತ್ರಿ ಏಟು ತಿನ್ನೋದು ಅವಳು. ಒಂದು ಗುಟ್ಟಿನ ಮಾತು ಮಾತ್ರ ಇಬ್ರೂ ಈಗ್ಲೇ ಗೊತ್ ಮಾಡ್ಕೊಳ್ಳಿ, ಅವಳು ಫೋನಲ್ಲಿ "ಅಜ್ಜಿ ಮಾತ್ರೆ ತಗೊಂಡ್ರಾ" ಅಂದ್ರೆ ನೀವು ಏನೂ ಕೇಳದೆ ತುರ್ತು ಸಹಾಯದ 112ಗೆ ಫೋನ್ ಮಾಡಿ ಅವಳ ಅಡ್ರೆಸ್ ಕೊಡ್ಬೇಕು.